ಬೆಣ್ಣೆಹಳ್ಳ ಯಾಕೆ ಉಕ್ಕುತ್ತೆ? ಸೈಕಲ್ ತುಳಿದು ನೋಡಿ

ಯಾವಗಲ್‌ನಿಂದ ನರಗುಂದ ಗುಡ್ಡದ ಕಡೆಗೆ ಸೈಕಲ್ ತುಳಿದು ನೋಡಿ. ಗೇರ್ ಬದಲಿಸೋ ಕೆಲಸವೇ ಇಲ್ಲ, ಅಷ್ಟು ಸಪಾಟು ಎರೆಭೂಮಿ. ಬೆಣ್ಣೆಹಳ್ಳದ ನೆರೆಗೆ ಮೊದಲ ಕಾರಣ ಇದೇ: ಶಿಗ್ಗಾವಿ ಕಡೆಯಿಂದ ಬರೋ ನೀರಿಗೆ ಇಲ್ಲಿ ಇಳಿಜಾರು ಕಮ್ಮಿ. ಎರಡನೆಯದು ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡೋ ಎರೆ, ನೆನೆದು ಉಬ್ಬಿದ ಮೇಲೆ ನೀರನ್ನು ಇಂಗಲು ಬಿಡಲ್ಲ. ಮೂರನೆಯದು, ಹಳ್ಳ ಸೇರಬೇಕಾದ ಮಲಪ್ರಭೆಯೇ ತುಂಬಿದ್ದರೆ ನೀರು ಹಿಂದಕ್ಕೆ ಒತ್ತುತ್ತೆ. 2019ರ ಆಗಸ್ಟ್‌ನಲ್ಲಿ ಈ ಭಾಗ ಕಂಡಿದ್ದು ಅಂಥ ನೆರೆಯನ್ನೇ.

1980ರಲ್ಲಿ ನರಗುಂದದ ರೈತರು ಬಂಡೆದ್ದದ್ದೂ ನೀರಿನ ವಿಷಯಕ್ಕೇ. ಮಹದಾಯಿಗಾಗಿ ಕೂಗು ಇನ್ನೂ ನಿಂತಿಲ್ಲ. ಬರ, ನೆರೆ ಎರಡೂ ಒಂದೇ ನೆಲದ ಕಥೆ. ಹಾಗಾಗಿ ಮುಂದಿನ ಸಲ ಮತ ಕೇಳೋಕೆ ಬಂದವರನ್ನು ಕೇಳಿ: ಹೂಳೆತ್ತೋದು ಸರಿ, ಹಳ್ಳ ಹರಡೋಕೆ ಜಾಗ ಎಲ್ಲಿ ಬಿಡ್ತೀರಿ?