ಮನೆಯ ವಿದ್ಯುತ್ ಬಿಲ್ಲು ತಿಂಗಳಿಂದ ತಿಂಗಳಿಗೆ ಏಕೆ ಬದಲಾಗುತ್ತದೆ?

ನೀರಾವರಿ ಪಂಪ್‌ಸೆಟ್ಟಿಗೆ 10 ಅಶ್ವಶಕ್ತಿಯವರೆಗೆ ನಮ್ಮ ರಾಜ್ಯದ ರೈತರು ವಿದ್ಯುತ್ ಶುಲ್ಕ ಕಟ್ಟಬೇಕಾಗಿಲ್ಲ. ಆದ್ದರಿಂದ ಹೊಲದ ಮೋಟರು ಎಷ್ಟು ತಾಸು ಓಡಿತು, ಎಷ್ಟು ಯೂನಿಟ್ ಸುಟ್ಟಿತು ಎಂದು ಬರೆದಿಡುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ. ಮನೆಯ ಮೀಟರಿನ ಮಾತು ಬೇರೆ. ಅಲ್ಲಿ ಪ್ರತಿ ತಿಂಗಳೂ ಚೀಟಿ ಬರುತ್ತದೆ. ಕೆಲವು ತಿಂಗಳು ಅದರಲ್ಲಿ ಸೊನ್ನೆ ಇರುತ್ತದೆ, ಕೆಲವು ತಿಂಗಳು ನೂರಿನ್ನೂರು, ಒಮ್ಮೊಮ್ಮೆ ಸಾವಿರ ದಾಟುತ್ತದೆ. ಬಾಗಲಕೋಟೆ ತಾಲೂಕಿನ ಶಿರೂರಿನಲ್ಲಿ ಹಿಂಗಾರಿ ಜೋಳದ ಬಿತ್ತನೆಯ ವಿಷಯ ಮುಗಿದ ಮೇಲೆ ರೈತರೊಬ್ಬರು ಕೇಳಿದ ಪ್ರಶ್ನೆ ಇದೇ ಆಗಿತ್ತು: "ಸರ, ಕರೆಂಟ್ ಪುಕ್ಕಟೆ ಅಂತಾರ, ಮತ್ತ ಈ ಬಿಲ್ ಎಲ್ಲಿಂದ ಬಂತು?"

ಬೇಸಾಯಶಾಸ್ತ್ರದವನಿಗೆ ಈ ವಿಷಯ ಏಕೆ ಎನ್ನಬಹುದು. ಆದರೆ ಒಕ್ಕಲುತನದ ಖರ್ಚಿಗೂ ಮನೆಯ ಖರ್ಚಿಗೂ ಹಣ ಹೊರಡುವುದು ಒಂದೇ ಖಾತೆಯಿಂದ. ಬೀಜ ಗೊಬ್ಬರಕ್ಕೆಂದು ಇಟ್ಟ ಹಣದಿಂದ ಕೇಳದೆಯೇ ಸಾವಿರದೈನೂರು ರೂಪಾಯಿ ಕಡಿತವಾದರೆ ಅದು ಬೇಸಾಯದ ಪ್ರಶ್ನೆಯೇ ಆಗುತ್ತದೆ.

ಗೃಹಜ್ಯೋತಿಯ ಲೆಕ್ಕ

ಬಾಗಲಕೋಟೆ ಜಿಲ್ಲೆಗೆ ವಿದ್ಯುತ್ ಹಂಚುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ದರವನ್ನು ಮಾತ್ರ ಹೆಸ್ಕಾಂ ತಾನೇ ಗೊತ್ತುಮಾಡುವುದಿಲ್ಲ. ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೆಲಸ. ಈ ದರದ ಮೇಲೆ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದು ಕೂತಿದೆ. 2023ರ ಜುಲೈ ತಿಂಗಳ ಬಳಕೆಯಿಂದ ಇದು ಜಾರಿಗೆ ಬಂದಿತು.

ಈ ಯೋಜನೆಯನ್ನು "200 ಯೂನಿಟ್ ಉಚಿತ" ಎಂದು ಹೇಳುವ ರೂಢಿಯಾಗಿದೆ. ಅನೇಕ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲಿಯೇ. ಎಲ್ಲ ಮನೆಗೂ 200 ಯೂನಿಟ್ ಉಚಿತವಲ್ಲ. 2022-23ನೇ ಸಾಲಿನಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡಾ 10ರಷ್ಟು ಸೇರಿಸಿದರೆ ಬರುವುದೇ ಆ ಮನೆಯ ಅರ್ಹ ಯೂನಿಟ್. 200 ಎಂಬುದು ಮೇಲಿನ ಗಡಿ. 2022-23ರ ದಾಖಲೆ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ ಹಿಡಿದು, ಶೇಕಡಾ 10 ಸೇರಿಸಿ, 58 ಯೂನಿಟ್ ಕೊಡಲಾಯಿತು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. 2022-23ರ ಹನ್ನೆರಡು ತಿಂಗಳಲ್ಲಿ ಒಟ್ಟು 744 ಯೂನಿಟ್ ಬಳಕೆ. ಹನ್ನೆರಡರಿಂದ ಭಾಗಿಸಿದರೆ 62, ಶೇಕಡಾ 10 ಸೇರಿದರೆ 68. ಡಿಸೆಂಬರದಲ್ಲಿ 60 ಯೂನಿಟ್ ಬಳಸಿದರೆ ಶೂನ್ಯ ಬಿಲ್ಲು. ಏಪ್ರಿಲಿನಲ್ಲಿ ಫ್ಯಾನು ಹಗಲು ರಾತ್ರಿ ತಿರುಗಿ 105 ಆದರೆ ಮೇಲಿನ 37 ಯೂನಿಟ್ಟಿಗೆ ಹಣ ಕಟ್ಟಬೇಕು. ಇಲ್ಲಿಯವರೆಗೆ ಸರಳ.

ಎಚ್ಚರ ಬೇಕಾದದ್ದು 200ರ ಹೊಸ್ತಿಲಿನಲ್ಲಿ. ಬಳಕೆ 200 ಯೂನಿಟ್ ಮೀರಿದರೆ ಆ ತಿಂಗಳಿಗೆ ಅರ್ಹ ಯೂನಿಟ್ಟಿನ ರಿಯಾಯಿತಿಯೂ ಹೋಗುತ್ತದೆ. ಪೂರ್ತಿ ಬಿಲ್ಲು ಮನೆಯವರದೇ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೂನಿಟ್ಟಿಗೆ 5 ರೂ. 80 ಪೈಸೆ ದರದಲ್ಲಿ ಬಳಕೆ ಶುಲ್ಕ ಒಂದನ್ನೇ ನೋಡೋಣ. ಮೇಲೆ ಹೇಳಿದ ಮನೆ ಮೇ ತಿಂಗಳಲ್ಲಿ 199 ಯೂನಿಟ್ ಬಳಸಿದರೆ 131 ಯೂನಿಟ್ಟಿಗೆ 759 ರೂ. 80 ಪೈಸೆ. ಅದೇ ಮನೆ 204 ಯೂನಿಟ್ ಬಳಸಿದರೆ 1183 ರೂ. 20 ಪೈಸೆ. ಐದು ಯೂನಿಟ್ಟಿನ ಅಂತರಕ್ಕೆ 423 ರೂ. 40 ಪೈಸೆ! ಮದುವೆ, ಜಾತ್ರೆ, ಬೇಸಿಗೆ ರಜೆ ಎಂದು ಮನೆ ತುಂಬ ಬೀಗರು ನೆಂಟರು ಇರುವ ತಿಂಗಳು ಸಾಮಾನ್ಯವಾಗಿ ಇದೇ ಆಗಿರುತ್ತದೆ.

ಸರಾಸರಿಯ ತೊಡಕು

ಮಳೆಯ ವಿಷಯದಲ್ಲಿ ಸರಾಸರಿಯನ್ನು ನಂಬಬಾರದೆಂದು ನಮ್ಮ ಭಾಗದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ವರ್ಷದ ಒಟ್ಟು ಮಳೆ ಸರಿಯಾಗಿಯೇ ಬಂದಿರುತ್ತದೆ, ಬಿತ್ತುವ ಹದಕ್ಕೆ ಬಂದಿರುವುದಿಲ್ಲ. ವಿದ್ಯುತ್ತಿನ ಸರಾಸರಿಯೂ ಹಾಗೆಯೇ.

ಬ್ರಿಟನ್ನಿನಲ್ಲಿ ಬಹಳಷ್ಟು ಮನೆಯವರು ವಿದ್ಯುತ್ತು ಮತ್ತು ಅನಿಲಕ್ಕೆ ಪ್ರತಿ ತಿಂಗಳು ಒಂದೇ ಮೊತ್ತ ಕಟ್ಟುತ್ತಾರೆ. ವರ್ಷದ ಅಂದಾಜು ಬಳಕೆಯನ್ನು ಹನ್ನೆರಡರಿಂದ ಭಾಗಿಸಿ ಅಷ್ಟನ್ನು ಬ್ಯಾಂಕು ಖಾತೆಯಿಂದ ನೇರವಾಗಿ ಕಡಿತ ಮಾಡುತ್ತಾರೆ. ಬೇಸಿಗೆಯಲ್ಲಿ ಬಳಕೆ ಕಡಿಮೆ; ಉಳಿದ ಹಣ ಗ್ರಾಹಕನ ಹೆಸರಿನಲ್ಲಿ ಜಮಾ ಇರುತ್ತದೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಹೆಚ್ಚು ಬೇಕಾದಾಗ ಆ ಜಮಾ ಕರಗುತ್ತದೆ. ದರವೋ ಬಳಕೆಯೋ ಬದಲಾದರೆ ಕಂಪನಿ ಲೆಕ್ಕ ನೋಡಿ ತಿಂಗಳ ಕಂತನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಅಲ್ಲಿಯ ಜನರ ದೂರು ಕೂಡ ಈ ಏರಿಳಿತದ್ದೇ.

ನಮ್ಮಲ್ಲಿ ಸರಾಸರಿ ಇದೆ, ಜಮಾ ಇಲ್ಲ. ಡಿಸೆಂಬರ ಜನವರಿಯಲ್ಲಿ ಬಳಸದೆ ಉಳಿದ ಅರ್ಹ ಯೂನಿಟ್ ಮೇ ತಿಂಗಳಿಗೆ ಮುಂದುವರಿಯುವುದಿಲ್ಲ. ಪ್ರತಿ ತಿಂಗಳ ಲೆಕ್ಕ ಆ ತಿಂಗಳಿಗೇ ಮುಕ್ತಾಯ. ಇದರ ಪೆಟ್ಟು ಹೆಚ್ಚಾಗಿ ಬೀಳುವುದು ದುಡಿಯಲು ಹೊರಗೆ ಹೋಗುವ ಕುಟುಂಬಗಳ ಮೇಲೆ. ಸುಗ್ಗಿ ಮುಗಿದ ಮೇಲೆ ನಮ್ಮ ಜಿಲ್ಲೆಯಿಂದ ಗೋವೆಗೆ, ಮಂಗಳೂರಿಗೆ ಹೋಗುವವರು ಎಷ್ಟು ಜನ ಎಂಬುದು ಓದುಗರಿಗೇ ಗೊತ್ತು. ಅಂಥ ಒಂದು ಮನೆ 2022-23ರಲ್ಲಿ ಆರು ತಿಂಗಳು ಬೀಗ ಹಾಕಿತ್ತು, ಉಳಿದ ಆರು ತಿಂಗಳು 60 ಯೂನಿಟ್ಟಿನಂತೆ ಬಳಸಿತ್ತು ಎನ್ನಿ. ಒಟ್ಟು 360, ಸರಾಸರಿ 30. ಮೊದಲಿನ ನಿಯಮದಂತೆ ಇವರಿಗೆ ಸಿಗುತ್ತಿದ್ದುದು 33 ಯೂನಿಟ್ ಮಾತ್ರ. 2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ತುಸು ಸಡಿಲಿಸಿ, ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇರುವವರಿಗೆ ಶೇಕಡಾ 10ರ ಬದಲು 10 ಯೂನಿಟ್ಟನ್ನೇ ಹೆಚ್ಚುವರಿಯಾಗಿ ಕೊಡಲು ಒಪ್ಪಿತು. ಈಗ ಇವರದು 40 ಯೂನಿಟ್.

ಈ ಕುಟುಂಬ ಇಂದಿಗೂ ಹಾಗೆಯೇ ಬದುಕುತ್ತಿದ್ದರೆ ವರ್ಷಕ್ಕೆ ಬಳಸುವುದು 360 ಯೂನಿಟ್. ಕಾಗದದ ಮೇಲೆ ಅರ್ಹತೆ 480. ಆದರೂ ಊರಲ್ಲಿದ್ದ ಆರು ತಿಂಗಳೂ 20 ಯೂನಿಟ್ಟಿನಂತೆ ಒಟ್ಟು 120 ಯೂನಿಟ್ಟಿಗೆ ಹಣ ಕಟ್ಟುತ್ತಾರೆ. ಮೇಲಿನ ದರದಲ್ಲಿ ಬಳಕೆ ಶುಲ್ಕವೇ 696 ರೂಪಾಯಿ. ವರ್ಷದ ಅರ್ಹ ಯೂನಿಟ್ಟನ್ನು ಒಟ್ಟಾಗಿ ಲೆಕ್ಕ ಹಿಡಿಯುವ ವ್ಯವಸ್ಥೆ ಇದ್ದರೆ ಇವರಿಗೆ ಒಂದು ಪೈಸೆಯ ಬಿಲ್ಲೂ ಬರುತ್ತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಯೋಜನೆಯಲ್ಲಿ ಮೊದಲು ತಿದ್ದಬೇಕಾದ ಅಂಶ ಇದೇ.

ಬಾಡಿಗೆ ಮನೆ ಬದಲಿಸುವವರಿಗೆ ಒಂದು ಮಾತು. ಹಳೆಯ ಮನೆಯ ಮೀಟರಿಗೆ ಜೋಡಿಸಿದ ಆಧಾರ್ ಸಂಖ್ಯೆಯನ್ನು ಬಿಡಿಸಿಕೊಂಡು ಹೊಸ ಮನೆಗೆ ಜೋಡಿಸುವ ಸೌಕರ್ಯ 2024ರಲ್ಲಿ ಬಂದಿದೆ. ಒಬ್ಬರಿಗೆ ಒಂದೇ ಮೀಟರಿನ ಲಾಭ ಎಂಬ ನಿಯಮವಿರುವುದರಿಂದ, ಬಿಡಿಸದೆ ಹೊಸ ಅರ್ಜಿ ಹಾಕಿದರೆ ಕೆಲಸ ನಿಲ್ಲುತ್ತದೆ.

ಚೀಟಿಯಲ್ಲಿ ಏನೇನು ಇರುತ್ತದೆ

ಬಳಕೆ ಶುಲ್ಕ ಒಂದೇ ಬಿಲ್ಲಲ್ಲ. ಮೊದಲು ನಿಗದಿತ ಶುಲ್ಕ. ಇದು ಬಳಸಿದ ಯೂನಿಟ್ಟಿನ ಮೇಲಲ್ಲ, ಮಂಜೂರಾದ ಲೋಡಿನ ಮೇಲೆ. 2025ರ ಏಪ್ರಿಲದಿಂದ ಪ್ರತಿ ಕಿಲೋವ್ಯಾಟಿಗೆ 145 ರೂಪಾಯಿ. ಅದಕ್ಕೆ ಮುಂಚೆ 120 ಇತ್ತು. 3 ಕಿಲೋವ್ಯಾಟ್ ಮಂಜೂರಾಗಿದ್ದರೆ ದೀಪ ಹಚ್ಚದಿದ್ದರೂ 435 ರೂಪಾಯಿ. ಅದೇ ಏಪ್ರಿಲದಿಂದ ವಿದ್ಯುತ್ ನೌಕರರ ಪಿಂಚಣಿ ಮತ್ತು ಉಪದಾನದ ಬಾಬ್ತು ಯೂನಿಟ್ಟಿಗೆ 36 ಪೈಸೆ ಮೇಲ್ತೆರಿಗೆ ಸೇರಿತು. ಬಳಕೆ ಶುಲ್ಕ ಮಾತ್ರ 5 ರೂ. 90 ಪೈಸೆಯಿಂದ 5 ರೂ. 80 ಪೈಸೆಗೆ ಇಳಿಯಿತು. ಹತ್ತು ಪೈಸೆ ಇಳಿದ ಸುದ್ದಿ ಕೇಳಿದವರು ಬಿಲ್ಲು ಏರಿದ್ದನ್ನು ಕಂಡು ಬೆರಗಾದದ್ದಕ್ಕೆ ಕಾರಣ ಇದು. ದರದ ಆದೇಶ ಮೂರು ವರ್ಷಗಳಿಗೆ ಸೇರಿದ್ದು, ಪ್ರತಿ ಏಪ್ರಿಲಿನಲ್ಲಿ ಈ ಅಂಕಿಗಳು ಬದಲಾಗುವಂತಿವೆ. ಆದ್ದರಿಂದ ತಮ್ಮ ಲೆಕ್ಕಕ್ಕೆ ತಮ್ಮ ಇತ್ತೀಚಿನ ಚೀಟಿಯ ದರವನ್ನೇ ಹಿಡಿಯಬೇಕು. ಇವುಗಳ ಜೊತೆಗೆ ಶೇಕಡಾ 9ರ ವಿದ್ಯುತ್ ತೆರಿಗೆ ಉಂಟು.

ತಿಂಗಳಿಂದ ತಿಂಗಳಿಗೆ ಹೆಚ್ಚು ಕಡಿಮೆಯಾಗುವ ಇನ್ನೊಂದು ಸಾಲು "ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ". ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್ ಘಟಕವಿದೆ. ಅದಕ್ಕೆ ಬೇಕಾದದ್ದು ಕೃಷ್ಣೆಯ ನೀರು. ನದಿಯ ಆಚೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಉಷ್ಣ ಸ್ಥಾವರವಿದೆ. ಅದಕ್ಕೆ ಬೇಕಾದದ್ದು ದೂರದಿಂದ ತರುವ ಕಲ್ಲಿದ್ದಲು. ನೀರಿನ ವಿದ್ಯುತ್ತು ಕಡಿಮೆಯಾಗಿ ಕಲ್ಲಿದ್ದಲಿನದು ಅಥವಾ ಹೊರಗಿನಿಂದ ಕೊಂಡದ್ದು ಹೆಚ್ಚಾದರೆ ವೆಚ್ಚ ಏರುತ್ತದೆ. ಅಂದಾಜಿಗೂ ನಿಜವಾದ ವೆಚ್ಚಕ್ಕೂ ಇರುವ ಅಂತರವನ್ನು ಈ ಸಾಲಿನಲ್ಲಿ ವಸೂಲು ಮಾಡುತ್ತಾರೆ. ವೆಚ್ಚ ಇಳಿದಾಗ ಇದು ಕಳೆಯುವ ಚಿಹ್ನೆಯೊಂದಿಗೆ ಬರುವುದೂ ಉಂಟು.

ವರ್ಷಕ್ಕೊಮ್ಮೆ "ಹೆಚ್ಚುವರಿ ಭದ್ರತಾ ಠೇವಣಿ" ಎಂಬ ಬೇಡಿಕೆ ಬಂದರೆ ಗಾಬರಿಯಾಗಬಾರದು. ಎರಡು ತಿಂಗಳ ಬಿಲ್ಲಿಗೆ ಸಮನಾದ ಠೇವಣಿ ಇರಬೇಕೆಂಬುದು ನಿಯಮ. ಬಳಕೆ ಹೆಚ್ಚಿದಾಗ ಕೊರತೆಯನ್ನು ಕೇಳುತ್ತಾರೆ. ಇದು ತಮ್ಮದೇ ಹಣ. ಇದಕ್ಕೆ ಬಡ್ಡಿ ಕೊಡಬೇಕು, ಅದು ಬಿಲ್ಲಿನಲ್ಲಿ ಜಮೆಯಾಗಿದೆಯೇ ನೋಡಿಕೊಳ್ಳಿರಿ.

ಖಾತೆಯಿಂದ ತಾನಾಗಿ ಕಡಿತವಾಗುವ ಹಣ

ಊರಿನ ಹುಡುಗರು ಮೊಬೈಲಿನಲ್ಲಿ "ಆಟೋ ಪೇ" ಹಾಕಿಕೊಡುತ್ತಾರೆ. ಪ್ರತಿ ತಿಂಗಳು ಬಿಲ್ಲಿನ ಹಣ ತಾನಾಗಿ ಹೋಗುತ್ತದೆ, ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಮಗ ಬೆಂಗಳೂರಿನಲ್ಲಿದ್ದು ತಂದೆ ತಾಯಿ ಇಬ್ಬರೇ ಊರಲ್ಲಿರುವ ಮನೆಗೆ ಇದು ಅನುಕೂಲವೇ. ಆದರೆ ನಮ್ಮ ಬಿಲ್ಲು ಬ್ರಿಟನ್ನಿನ ಕಂತಿನಂತೆ ಒಂದೇ ಸಮನೆ ಇರುವುದಿಲ್ಲ ಎಂಬುದನ್ನು ಮರೆಯಬಾರದು. ಏಳೆಂಟು ತಿಂಗಳು ಸೊನ್ನೆ ಇದ್ದು, ಅಪ್ಪಣೆ ಕೊಟ್ಟದ್ದೇ ಮರೆತು ಹೋಗಿ, ಮೇ ತಿಂಗಳ ದೊಡ್ಡ ಬಿಲ್ಲು ಜೂನಿನಲ್ಲಿ ಕಡಿತವಾಗುತ್ತದೆ. ಜೂನು ಎಂದರೆ ಮುಂಗಾರಿ ಬಿತ್ತನೆ. ಹೆಸರು, ತೊಗರಿ ಬೀಜಕ್ಕೆ ಕೈಯಲ್ಲಿ ಹಣ ಬೇಕಾದ ಹೊತ್ತು.

ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ತಾಸು ಮೊದಲು ಸೂಚನೆ ಬರಬೇಕು. ಸಾಮಾನ್ಯವಾಗಿ 15,000 ರೂಪಾಯಿಯೊಳಗಿನ ಕಡಿತಕ್ಕೆ ಪ್ರತಿ ಸಲ ಗುಪ್ತಸಂಖ್ಯೆ ಕೇಳುವುದಿಲ್ಲ. ಈ ಮಿತಿ 2022ರ ಜೂನಿನಲ್ಲಿ 5,000ದಿಂದ ಏರಿತು. ಆದ್ದರಿಂದ ಅಪ್ಪಣೆ ಕೊಡುವಾಗಲೇ ಗರಿಷ್ಠ ಮೊತ್ತವನ್ನು ತಮ್ಮ ಬೇಸಿಗೆಯ ದೊಡ್ಡ ಬಿಲ್ಲು ನೋಡಿ ಗೊತ್ತುಮಾಡಬೇಕು. ತೀರ ಕಡಿಮೆ ಇಟ್ಟರೆ ದೊಡ್ಡ ಬಿಲ್ಲಿನ ತಿಂಗಳು ಹಣ ಹೋಗುವುದೇ ಇಲ್ಲ. ಬಾಕಿ ಉಳಿದದ್ದು ತಿಳಿಯುವುದು ಲೈನ್‌ಮನ್ ಬಂದಾಗ. ಬೆಳೆಸಾಲ ಜಮೆಯಾಗುವ ಖಾತೆಗೆ ಇದನ್ನು ಜೋಡಿಸದೆ, ಸಣ್ಣ ಮೊತ್ತದ ಬೇರೆ ಉಳಿತಾಯ ಖಾತೆಗೆ ಜೋಡಿಸುವುದು ಲೇಸು. ಬೇಡವೆನಿಸಿದರೆ ಅದೇ ಮೊಬೈಲಿನಲ್ಲಿ ಅಪ್ಪಣೆ ರದ್ದು ಮಾಡಬಹುದು.

"ಇಂದು ರಾತ್ರಿ ನಿಮ್ಮ ಕರೆಂಟ್ ಕಡಿತ, ಕೂಡಲೇ ಈ ನಂಬರಿಗೆ ಕರೆ ಮಾಡಿ" ಎಂಬ ಸಂದೇಶ ಬಂದರೆ ಅದು ಕಳ್ಳರದು. ಉತ್ತರಿಸಬೇಡಿರಿ.

ಮೀಟರ್ ಓದುವ ರೂಢಿ

ಬಾಗಿಲು ಹಾಕಿದ್ದಕ್ಕೋ ಮೀಟರು ಕೆಟ್ಟದ್ದಕ್ಕೋ ರೀಡಿಂಗ್ ಸಿಗದಿದ್ದರೆ ಸರಾಸರಿಯ ಮೇಲೆ ಬಿಲ್ಲು ಹಾಕುತ್ತಾರೆ. ಮುಂದಿನ ನಿಜವಾದ ರೀಡಿಂಗಿನಲ್ಲಿ ಅದು ಹೊಂದಾಣಿಕೆಯಾಗಬೇಕು. ಚೀಟಿಯಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎರಡರ ತಾರೀಖು ಇರುತ್ತವೆ. ಯೂನಿಟ್ಟನ್ನು ದಿನಗಳಿಂದ ಭಾಗಿಸಿರಿ. 30 ದಿನಕ್ಕೆ 66 ಯೂನಿಟ್, 35 ದಿನಕ್ಕೆ 77 ಯೂನಿಟ್: ಎರಡೂ ದಿನಕ್ಕೆ 2.2 ಯೂನಿಟ್ಟೇ. ಬಳಕೆ ಹೆಚ್ಚಿಲ್ಲ, ದಿನ ಹೆಚ್ಚಿವೆ.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಪ್ರತಿ ರವಿವಾರ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯಲು ಹೇಳಿರಿ. ಸಾವಿರ ವ್ಯಾಟಿನ ಸಾಧನ ಒಂದು ತಾಸು ನಡೆದರೆ ಒಂದು ಯೂನಿಟ್. 2000 ವ್ಯಾಟಿನ ಗೀಜರು ದಿನಕ್ಕೆ ಒಂದು ತಾಸು ಉರಿದರೆ ತಿಂಗಳಿಗೆ 60 ಯೂನಿಟ್. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 15 ತಾಸು ತಿರುಗಿದರೆ ತಿಂಗಳಿಗೆ ಸುಮಾರು 34 ಯೂನಿಟ್. 30 ವ್ಯಾಟಿನ ಹೊಸ ಬಗೆಯ ಫ್ಯಾನಾದರೆ 13 ಅಥವಾ 14. ಬೇಸಿಗೆಯಲ್ಲಿ ಎರಡು ಫ್ಯಾನು ಬದಲಿಸಿದ ಮನೆ 200ರ ಹೊಸ್ತಿಲಿನಿಂದ ನಾಲ್ವತ್ತು ಯೂನಿಟ್ ಹಿಂದೆ ಸರಿಯುತ್ತದೆ. ತಿಂಗಳ ಮೂರನೆಯ ರವಿವಾರವೇ ಅಂಕಿ 160 ಮುಟ್ಟಿದ್ದರೆ ಉಳಿದ ದಿನಗಳಲ್ಲಿ ಗೀಜರು ನಿಲ್ಲಿಸಿ ಒಲೆಯ ಮೇಲೆ ನೀರು ಕಾಯಿಸಬಹುದು.

ಲೆಕ್ಕ ಹೊಂದದಿದ್ದರೆ 1912ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆಯನ್ನು ಚೀಟಿಯ ಹಿಂದೆ ಗುರುತು ಹಾಕಿಕೊಳ್ಳಿರಿ. ಹತ್ತಿರದ ಹೆಸ್ಕಾಂ ಶಾಖೆಗೆ ಹೋಗುವಾಗ ಹಿಂದಿನ ಆರು ತಿಂಗಳ ಚೀಟಿ, ಆರ್.ಆರ್. ನಂಬರು ಮತ್ತು ಮನೆಯಲ್ಲಿ ಬರೆದಿಟ್ಟ ರೀಡಿಂಗು ಜೊತೆಗಿರಲಿ. ಮೀಟರಿನ ಮೇಲೆಯೇ ಸಂಶಯವಿದ್ದರೆ ಶುಲ್ಕ ಕಟ್ಟಿ ಪರೀಕ್ಷೆಗೆ ಅರ್ಜಿ ಕೊಡಬಹುದು. ಶಾಖೆಯಲ್ಲಿ ಇತ್ಯರ್ಥವಾಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಬರೆಯಬೇಕು. ಅಲ್ಲಿಗೆ ಹೋಗುವ ಅರ್ಜಿಗೆ ಚೀಟಿಗಳ ಪ್ರತಿ ಲಗತ್ತಿಸಿ, ಮೂಲಪ್ರತಿ ಮನೆಯಲ್ಲಿಯೇ ಇಟ್ಟುಕೊಳ್ಳಿರಿ.