ಶುಗರ್ ಮತ್ತು ಥೈರಾಯ್ಡ್: ಜೀವಕೋಶದೊಳಗೆ ನಡೆಯೋದೇನು?

ಆಲೂರು ತಾಲ್ಲೂಕಿನ ಕುಂದೂರು, ಅಲ್ಲಿಂದಾಚೆ ಸಕಲೇಶಪುರದ ಕಡೆಯ ಕಾಫಿ ಸೀಮೆ. ಈ ಗುಡ್ಡಗಳ ಊರಿನಿಂದ ಓದೋಕೆ ಬಂದಿರೋ ನಮ್ಮಲ್ಲಿ ಎಷ್ಟೋ ಜನರ ಮನೆಯ ಮಾತ್ರೆ ಡಬ್ಬಿಯಲ್ಲಿ ಶುಗರ್ ಮಾತ್ರೆ ಇದ್ದೇ ಇರುತ್ತೆ. ಕೆಲವು ಮನೆಗಳಲ್ಲಿ ಪಕ್ಕದಲ್ಲೇ ಥೈರಾಯ್ಡ್ ಮಾತ್ರೆಯೂ ಇರುತ್ತೆ. ಅಜ್ಜನ ಶುಗರ್ ಫೈಲು ಒಂದು ಕಡೆ, ಅಮ್ಮನ ಥೈರಾಯ್ಡ್ ಫೈಲು ಇನ್ನೊಂದು ಕಡೆ. ಎರಡೂ ಒಬ್ಬರಿಗೇ ಇದ್ದರೂ ಫೈಲು ಮಾತ್ರ ಬೇರೆ ಬೇರೆ. ಆದರೆ ದೇಹದೊಳಗೆ ಇವೆರಡೂ ಒಂದೇ ಜಾಗದಲ್ಲಿ ಸಂಧಿಸುತ್ತವೆ: ಜೀವಕೋಶದ ಮೈಟೊಕಾಂಡ್ರಿಯದಲ್ಲಿ. ಇಂಜಿನಿಯರಿಂಗ್ ಓದೋ ನಮಗೆ ಈ ಸಂಬಂಧ ಅರ್ಥ ಆಗೋದು ಕಷ್ಟವೇನಲ್ಲ.

ಮೊದಲು ಇದು ಎಷ್ಟು ದೊಡ್ಡ ವಿಷಯ ಅಂತ ನೋಡೋಣ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಜನರ ಥೈರಾಯ್ಡ್ ಮಂದವಾಗಿತ್ತು. ಎರಡೂ ಇಷ್ಟು ಸಾಮಾನ್ಯ ಅಂದಮೇಲೆ ಒಬ್ಬರಲ್ಲೇ ಎರಡೂ ಸೇರಿಕೊಳ್ಳೋದು ಅಪರೂಪವಲ್ಲ.

ವೇಗ ನಿರ್ಧರಿಸೋ ಗ್ರಂಥಿ

ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಓದಿದ್ದೀವಲ್ಲ, ಥೈರಾಯ್ಡ್ ಅದಕ್ಕೆ ಒಳ್ಳೆಯ ಉದಾಹರಣೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಕಳಿಸುತ್ತೆ. ಅದರ ಆಜ್ಞೆಯಂತೆ ಕುತ್ತಿಗೆಯಲ್ಲಿರುವ ಥೈರಾಯ್ಡ್ ಮುಖ್ಯವಾಗಿ ಟಿ4 ತಯಾರಿಸುತ್ತೆ. ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳಲ್ಲಿ ಟಿ4ನಿಂದ ಒಂದು ಅಯೋಡಿನ್ ಪರಮಾಣು ಕಳಚಿ, ಚುರುಕಾಗಿ ಕೆಲಸ ಮಾಡೋ ಟಿ3 ಆಗುತ್ತೆ. ರಕ್ತದಲ್ಲಿ ಹಾರ್ಮೋನು ಕಡಿಮೆಯಾದರೆ ಟಿಎಸ್‌ಎಚ್ ಏರುತ್ತೆ, ಹೆಚ್ಚಾದರೆ ಇಳಿಯುತ್ತೆ. ಅದಕ್ಕೇ ಡಾಕ್ಟರು ಮೊದಲು ಟಿಎಸ್‌ಎಚ್ ನೋಡೋದು.

ಟಿ3 ಕೋಶಕೇಂದ್ರಕ್ಕೆ ಹೋಗಿ ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತೆ. ಮೈಟೊಕಾಂಡ್ರಿಯ ಹೆಚ್ಚುತ್ತೆ, ಸೋಡಿಯಂ-ಪೊಟ್ಯಾಸಿಯಂ ಪಂಪುಗಳು ಹೆಚ್ಚುತ್ತವೆ, ಕೋಶ ಬಳಸೋ ಆಮ್ಲಜನಕವೂ ಹೆಚ್ಚುತ್ತೆ. ಒಟ್ಟಿನಲ್ಲಿ ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ಓಡಬೇಕು ಅಂತ ಹೇಳೋದು ಈ ಹಾರ್ಮೋನು.

ಇಂಧನ ಹೆಚ್ಚಾದರೆ

ಮಧುಮೇಹದಲ್ಲಿ ರಕ್ತದಲ್ಲಿ ಗ್ಲುಕೋಸ್ ಹೆಚ್ಚಿರುತ್ತೆ. ಸ್ನಾಯುವಿನಂಥ ಕೋಶಗಳಿಗೆ ಅದು ಒಳಗೆ ಬರಲು ಇನ್ಸುಲಿನ್ ಬಾಗಿಲು ತೆಗೀಬೇಕು. ಆದರೆ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ನರ ಮತ್ತು ಸಣ್ಣ ರಕ್ತನಾಳಗಳ ಹಲವು ಕೋಶಗಳಲ್ಲಿ ಈ ಬಾಗಿಲು ಇನ್ಸುಲಿನ್‌ಗಾಗಿ ಕಾಯೋದಿಲ್ಲ. ಹೊರಗೆ ಸಕ್ಕರೆ ಏರಿದರೆ ಒಳಗೂ ಏರುತ್ತೆ. ಶುಗರ್ ಮೊದಲು ಹೊಡೆಯೋದು ಕಣ್ಣು, ಕಿಡ್ನಿ, ಪಾದದ ನರಗಳನ್ನೇ ಯಾಕೆ ಅನ್ನೋದಕ್ಕೆ ಇಲ್ಲಿ ಉತ್ತರ ಇದೆ.

ಒಳಗೆ ಬಂದ ಹೆಚ್ಚುವರಿ ಇಂಧನ ಮೈಟೊಕಾಂಡ್ರಿಯದ ಇಲೆಕ್ಟ್ರಾನ್ ಸಾಗಣೆ ಸರಪಳಿಯ ಮೇಲೆ ಒತ್ತಡ ಹಾಕುತ್ತೆ. ಇಲೆಕ್ಟ್ರಾನುಗಳು ನಡುದಾರಿಯಲ್ಲೇ ಸೋರಿ ಆಮ್ಲಜನಕಕ್ಕೆ ಅಂಟಿಕೊಂಡು ಸೂಪರಾಕ್ಸೈಡ್ ಆಗುತ್ತೆ. ಈ ಸೂಪರಾಕ್ಸೈಡ್ ಮತ್ತು ಅದರಿಂದ ಹುಟ್ಟೋ ಇತರ ಅಣುಗಳು ಪೊರೆಯ ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದನ್ನೂ ಬಿಡೋದಿಲ್ಲ. ಅಮೆರಿಕದ ವಿಜ್ಞಾನಿ ಮೈಕಲ್ ಬ್ರೌನ್‌ಲೀ 2001ರಲ್ಲಿ, ಮಧುಮೇಹದ ಹಾನಿಯ ಹಲವು ದಾರಿಗಳನ್ನು ಈ ಒಂದೇ ಮೂಲಕ್ಕೆ ಕಟ್ಟಿ ವಿವರಿಸಿದರು.

ರಿಪೇರಿ ವ್ಯವಸ್ಥೆ ಕೋಶದಲ್ಲೇ ಇದೆ. ಗ್ಲುಟಾಥಯೋನ್ ಅನ್ನೋ ಅಣು ಈ ಕಿಡಿಗಳನ್ನು ಆರಿಸುತ್ತೆ. ಆದರೆ ಅದು ಮತ್ತೆ ಸಜ್ಜಾಗಲು ಎನ್‌ಎಡಿಪಿಎಚ್ ಬೇಕು. ಹೆಚ್ಚಾದ ಗ್ಲುಕೋಸನ್ನು ಸಾರ್ಬಿಟಾಲ್ ಆಗಿ ಬದಲಿಸುವಾಗ ಅದೇ ಎನ್‌ಎಡಿಪಿಎಚ್ ಖರ್ಚಾಗಿಬಿಡುತ್ತೆ. ಬೆಂಕಿಯೂ ಜಾಸ್ತಿ, ಆರಿಸೋ ನೀರೂ ಕಮ್ಮಿ.

ಥೈರಾಯ್ಡ್ ಏರಿದರೂ ಕಷ್ಟ, ಇಳಿದರೂ ಕಷ್ಟ

ಈಗ ಎರಡನ್ನೂ ಸೇರಿಸಿ ನೋಡೋಣ. ಥೈರಾಯ್ಡ್ ಅತಿಯಾದರೆ ಆರ್‌ಪಿಎಂ ಏರುತ್ತೆ. ಆಮ್ಲಜನಕದ ಬಳಕೆ ಹೆಚ್ಚಿದಂತೆ ಸೋರಿಕೆಯೂ ಹೆಚ್ಚುತ್ತೆ. ಜೊತೆಗೆ ಯಕೃತ್ತು ಹೆಚ್ಚು ಗ್ಲುಕೋಸ್ ತಯಾರಿಸುತ್ತೆ, ಇನ್ಸುಲಿನ್ ಬೇಗ ಖಾಲಿಯಾಗುತ್ತೆ. ಹತೋಟಿಯಲ್ಲಿದ್ದ ಶುಗರ್ ಕಾರಣವಿಲ್ಲದೆ ಏರಿದಂತೆ ಕಾಣುತ್ತೆ.

ಹಾಗಾದರೆ ಥೈರಾಯ್ಡ್ ಮಂದವಾದರೆ ಕೋಶಕ್ಕೆ ವಿಶ್ರಾಂತಿ ಸಿಗುತ್ತಾ? ಹಾಗೇನಿಲ್ಲ. ಯಕೃತ್ತು ರಕ್ತದಿಂದ ಎಲ್‌ಡಿಎಲ್ ಕೊಲೆಸ್ಟ್ರಾಲ್ ತೆಗೆಯೋ ಕೆಲಸ ನಿಧಾನ ಮಾಡುತ್ತೆ. ಉಳಿದ ಎಲ್‌ಡಿಎಲ್ ಉತ್ಕರ್ಷಣಗೊಂಡು, ಸಕ್ಕರೆಯಿಂದ ಮೊದಲೇ ನೊಂದಿರೋ ರಕ್ತನಾಳದ ಗೋಡೆಯಲ್ಲಿ ಕೂರುತ್ತೆ. ಮೂತ್ರಪಿಂಡ ರಕ್ತ ಸೋಸೋ ವೇಗವೂ ಇಳಿಯುತ್ತೆ. ಇನ್ಸುಲಿನ್ ತಗೊಳ್ಳುವವರಿಗೆ ಇನ್ನೊಂದು ಅಪಾಯ: ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆ ತೀರಾ ಇಳಿಯಬಹುದು.

ಸಂಬಂಧ ಹಿಮ್ಮುಖವಾಗಿಯೂ ಇದೆ. ಶುಗರ್ ತೀರಾ ಹತೋಟಿ ತಪ್ಪಿದಾಗ ಟಿ4ರಿಂದ ಟಿ3 ಆಗೋದು ಕಡಿಮೆಯಾಗುತ್ತೆ. ಹಾಗಾಗಿ ಅಂಥ ಹೊತ್ತಿನಲ್ಲಿ ಬಂದ ಥೈರಾಯ್ಡ್ ರಿಪೋರ್ಟನ್ನು ಶುಗರ್ ಸರಿಹೋದ ಮೇಲೆ ಇನ್ನೊಮ್ಮೆ ನೋಡಬೇಕಾಗುತ್ತೆ. ಇನ್ನು ಟೈಪ್ 1 ಮಧುಮೇಹದಲ್ಲಿ ದೇಹದ ರಕ್ಷಣಾ ಪಡೆಯೇ ಇನ್ಸುಲಿನ್ ಕೋಶಗಳ ಮೇಲೆ ದಾಳಿ ಮಾಡಿರುತ್ತೆ. ಅದೇ ಪಡೆ ಥೈರಾಯ್ಡ್ ಮೇಲೂ ತಿರುಗಿ ಬೀಳೋ ಸಾಧ್ಯತೆ ಹೆಚ್ಚು. ಅದಕ್ಕೇ ಟೈಪ್ 1 ಇರುವವರಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸಲು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ.

ಸೆನ್ಸರ್ ಸಹ ತಪ್ಪು ಹೇಳಬಹುದು

ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಯಲು ಎಚ್‌ಬಿಎ1ಸಿ ಮಾಡಿಸ್ತಾರೆ. ಸುಮಾರು 120 ದಿನ ಬದುಕೋ ಕೆಂಪು ರಕ್ತಕಣಗಳಿಗೆ ಎಷ್ಟು ಸಕ್ಕರೆ ಅಂಟಿದೆ ಅನ್ನೋದೇ ಈ ಲೆಕ್ಕ. ಥೈರಾಯ್ಡ್ ಮಂದವಾದರೆ ಹೊಸ ಕಣಗಳ ಉತ್ಪಾದನೆ ಕುಗ್ಗಿ, ರಕ್ತದಲ್ಲಿ ಹಳೆ ಕಣಗಳ ಪಾಲು ಹೆಚ್ಚುತ್ತೆ. ಆಗ ನಿಜವಾದ ಸಕ್ಕರೆಗಿಂತ ರೀಡಿಂಗ್ ಜಾಸ್ತಿ ಬರಬಹುದು. ಸೆನ್ಸರ್ ಕ್ಯಾಲಿಬ್ರೇಶನ್ ನೋಡದೆ ಕಂಟ್ರೋಲರ್ ತಿರುಗಿಸಿದರೆ ಏನಾಗುತ್ತೆ ಅಂತ ನಮಗೆ ಗೊತ್ತು.

ನಮ್ಮ ಗುಡ್ಡ, ನಮ್ಮ ಉಪ್ಪು, ನಮ್ಮ ಕಾಫಿ

ಟಿ4 ತಯಾರಾಗೋದು ಅಯೋಡಿನ್‌ನಿಂದ. ಜೋರು ಮಳೆ ಬೀಳೋ ಗುಡ್ಡಗಳ ಮಣ್ಣಿನಿಂದ ಅಯೋಡಿನ್ ತೊಳೆದುಹೋಗುತ್ತೆ, ಅಲ್ಲಿ ಬೆಳೆದ ಆಹಾರದಲ್ಲೂ ಕಡಿಮೆ ಇರುತ್ತೆ. ಗಳಗಂಡ ತಡೆಯಲು ಭಾರತ ಸರ್ಕಾರ 1962ರಲ್ಲೇ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. 2006ರಿಂದ ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವಂತಿಲ್ಲ. ಆದರೆ ಮಳೆಗಾಲದಲ್ಲಿ ಒಲೆ ಪಕ್ಕ ತೆರೆದಿಟ್ಟ ಉಪ್ಪು ನೀರೊಡೆಯುತ್ತಲ್ಲ, ಆಗ ಅಯೋಡಿನ್ ಸಹ ಕಡಿಮೆಯಾಗುತ್ತೆ. ಮುಚ್ಚಳ ಬಿಗಿಯಾಗಿರೋ ಡಬ್ಬಿ ಸಾಕು. ಹಾಗಂತ ಉಪ್ಪು ಜಾಸ್ತಿ ತಿನ್ನಬಾರದು, ಶುಗರ್ ಇರುವವರಿಗೆ ಬಿಪಿ ಕಾಟವೂ ಇರುತ್ತೆ. ಅಯೋಡಿನ್ ಸಾಕಷ್ಟು ಸಿಗೋ ಕಡೆ ಥೈರಾಯ್ಡ್ ಮಂದವಾಗೋಕೆ ಮುಖ್ಯ ಕಾರಣ ರಕ್ಷಣಾ ಪಡೆಯ ದಾಳಿಯೇ. ಅದು ಉಪ್ಪಿನಿಂದ ವಾಸಿಯಾಗೋದಲ್ಲ.

ಇನ್ನು ಕಾಫಿ. ಕಾಫಿ ಸೀಮೆಯಲ್ಲಿ ಎದ್ದ ತಕ್ಷಣ ಲೋಟ ಕೈಗೆ ಬರಬೇಕು. ಆದರೆ ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್ ಕಾಫಿ ಜೊತೆ ಹೋದರೆ ಕರುಳು ಅದನ್ನು ಪೂರ್ತಿ ಹೀರಿಕೊಳ್ಳೋದಿಲ್ಲ. ಮಾತ್ರೆಯನ್ನು ಬರೀ ನೀರಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡೀಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಡೋಸ್ ಬದಲಿಸಿದ ಪರಿಣಾಮ ಟಿಎಸ್‌ಎಚ್‌ನಲ್ಲಿ ಸ್ಥಿರವಾಗೋಕೆ ಸುಮಾರು ಆರು ವಾರ ಬೇಕು. ಹಾಗಾಗಿ ವಾರಕ್ಕೇ ಟೆಸ್ಟ್ ಮಾಡಿಸಿ ಗಾಬರಿಯಾಗೋದು ಬೇಡ.

ಸಕ್ಕರೆ ನೋಡೋಕೆ ಬೆರಳು ಚುಚ್ಚಿದರೆ ಆಯ್ತು. ಟಿಎಸ್‌ಎಚ್‌ಗೆ ರಕ್ತ ತೆಗೆದು ಲ್ಯಾಬಿಗೆ ಕಳಿಸಬೇಕು. ಹಾಗಾಗಿ ಹಳ್ಳಿ ಮನೆಗಳಲ್ಲಿ ಒಂದು ಟೆಸ್ಟ್ ಆಗುತ್ತೆ, ಇನ್ನೊಂದು ಉಳಿದುಹೋಗುತ್ತೆ. ಸುಸ್ತು, ಕೈಕಾಲು ಜೋಮು, ತೂಕ ಏರೋದು, ಮಲಬದ್ಧತೆ ಎಲ್ಲವನ್ನೂ "ಶುಗರ್ ಅಲ್ವಾ, ವಯಸ್ಸಾಯ್ತಲ್ಲ" ಅಂತ ತಳ್ಳಿಹಾಕ್ತೀವಿ. ಈ ಸಲ ರಜೆಗೆ ಊರಿಗೆ ಹೋದಾಗ ನಾವು ಮಾಡಬಹುದಾದ ಕೆಲಸ ಸಣ್ಣದು: ಎರಡೂ ಫೈಲುಗಳನ್ನು ಒಂದೇ ಚೀಲಕ್ಕೆ ಹಾಕಿ, ದೊಡ್ಡವರ ಜೊತೆ ಡಾಕ್ಟರ ಹತ್ತಿರ ಹೋಗಿ, "ಶುಗರ್ ಜೊತೆ ಥೈರಾಯ್ಡೂ ಒಮ್ಮೆ ನೋಡಬೇಕಾ?" ಅಂತ ಕೇಳೋದು. ಮಾತ್ರೆ ಶುರು ಮಾಡೋದು, ಡೋಸ್ ಬದಲಿಸೋದು, ನಿಲ್ಲಿಸೋದು ಅವರ ಕೆಲಸ. ಕೇಳೋದು ನಮ್ಮ ಕೆಲಸ.