ನಿಘಂಟಿನೊಳಗೆ ಅಡಗಿ ಕೂತಿದ್ದ ನಾವು

ಮನುಷ್ಯರನ್ನು ಹುಡುಕಿಕೊಂಡು ಒಂದು ನಿಘಂಟಿನೊಳಕ್ಕೆ ಇಳಿದವರಿದ್ದಾರೆ! ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗೋರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್. ಕೈಯಲ್ಲಿ 1925ರ ವೆಬ್‌ಸ್ಟರ್ ನಿಘಂಟು, ಲಕ್ಷಗಟ್ಟಲೆ ಪದಗಳ ಕಾಡು. ಒಬ್ಬನ ನಡತೆಯನ್ನು ಇನ್ನೊಬ್ಬನದರಿಂದ ಬೇರೆ ಮಾಡಿ ತೋರಿಸಬಲ್ಲ ಪದ ಯಾವುದೇ ಸಿಗಲಿ, ಎತ್ತಿಡು. 1936ರಲ್ಲಿ ಅವರ ಪಟ್ಟಿ ಪ್ರಕಟವಾದಾಗ ಅದರಲ್ಲಿದ್ದದ್ದು 17,953 ಪದಗಳು! ಗಳಿಗೆಯ ಮನಸ್ಥಿತಿ, ಬರೀ ಹೊಗಳಿಕೆ ತೆಗಳಿಕೆಗಳನ್ನೆಲ್ಲ ಬದಿಗಿಟ್ಟ ಮೇಲೂ ನಿಜವಾದ ಸ್ವಭಾವವನ್ನು ಹೇಳುವ ಪದಗಳೇ 4,504 ಉಳಿದವು.

ಇದನ್ನು ಮೊದಲು ಓದಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾವು ಇವತ್ತು ಮೊಬೈಲಿನಲ್ಲಿ ಪಟಪಟನೆ ತುಂಬುವ ಎಷ್ಟೋ ವ್ಯಕ್ತಿತ್ವ ಪರೀಕ್ಷೆಗಳ ಬೇರು ಇರುವುದು ಇಲ್ಲಿ! ಯಾರೋ ಪಂಡಿತರು ತಲೆಯೊಳಗೇ ಹೆಣೆದ ಸಿದ್ಧಾಂತದಲ್ಲಲ್ಲ. ಜನ ಜನರನ್ನು ನೋಡಿ, ಮೆಚ್ಚಿ, ರೇಗಿ, ಬೇಸತ್ತು ಕಟ್ಟಿದ ಮಾತುಗಳಲ್ಲಿ. ಒಟ್ಟಿಗೆ ಬಾಳುವವರಿಗೆ ನಿಜಕ್ಕೂ ಮುಖ್ಯವಾದ ಗುಣಕ್ಕೆ ಭಾಷೆ ಎಂದಾದರೊಂದು ದಿನ ಹೆಸರಿಟ್ಟೇ ಇಟ್ಟಿರುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಫ್ರಾನ್ಸಿಸ್ ಗಾಲ್ಟನ್ 1884ರಷ್ಟು ಹಿಂದೆಯೇ ಈ ದಾರಿಯಲ್ಲಿ ಇಣುಕಿದ್ದರು.

ಮುಂದಿನದಂತೂ ಇನ್ನೂ ಸೋಜಿಗ. ರೇಮಂಡ್ ಕ್ಯಾಟೆಲ್ ಆ ರಾಶಿಯನ್ನು 35 ಗುಣಗುಚ್ಛಗಳಿಗೆ ಇಳಿಸಿದರು. ಆಮೇಲೆ ಅಮೆರಿಕದ ವಾಯುಪಡೆಗೆ ದುಡಿಯುತ್ತಿದ್ದ ಅರ್ನೆಸ್ಟ್ ಟ್ಯೂಪ್ಸ್ ಮತ್ತು ರೇಮಂಡ್ ಕ್ರಿಸ್ಟಲ್ ಅದನ್ನು ಕೈಗೆತ್ತಿಕೊಂಡರು. ಒಬ್ಬರನ್ನು ‘ಮಾತುಗಾರ’ ಎಂದವರು ಅವರನ್ನೇ ‘ಸಂಗಪ್ರಿಯ’ ಎಂದೂ ಹೇಳುತ್ತಾರೆಯೇ? ಯಾವ ಗುಣದ ಜೊತೆ ಯಾವುದು ಏರುತ್ತದೆ, ಇಳಿಯುತ್ತದೆ? ಎಂಟು ಬೇರೆ ಬೇರೆ ಗುಂಪುಗಳ ಲೆಕ್ಕ ಹಾಕಿದರು. 1961ರಲ್ಲಿ ವರದಿ ಬಂತು: ಮತ್ತೆ ಮತ್ತೆ ಮೇಲೆದ್ದು ಬಂದದ್ದು ಐದೇ ಐದು! ಜನರೊಂದಿಗೆ ಬೆರೆಯುವ ಹುರುಪು, ಹೊಂದಿಕೊಳ್ಳುವ ಮೃದುತನ, ಹಿಡಿದ ಕೆಲಸ ಬಿಡದ ಶ್ರದ್ಧೆ, ಮನಸ್ಸಿನ ನೆಮ್ಮದಿ, ಸಂಸ್ಕಾರ. ಆ ಕೊನೆಯದನ್ನು ಈಗ ಹೊಸದಕ್ಕೆ ತೆರೆದ ಮನಸ್ಸು ಎನ್ನುತ್ತಾರೆ. ಸೇನೆಯ ವರದಿಯಾದ್ದರಿಂದ ಹೆಚ್ಚು ಜನ ಓದಲೇ ಇಲ್ಲ. ‘ಬಿಗ್ ಫೈವ್’ ಎಂಬ ಹೆಸರು ಲೂಯಿಸ್ ಗೋಲ್ಡ್‌ಬರ್ಗ್ ಅವರಿಂದ ಬಂದದ್ದು 1981ರಲ್ಲಿ.

ಗಮನಿಸಿ: ಟ್ಯೂಪ್ಸ್, ಕ್ರಿಸ್ಟಲ್ ಲೆಕ್ಕಕ್ಕೆ ತೆಗೆದುಕೊಂಡದ್ದು ಯಾರೂ ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದಲ್ಲ. ಜೊತೆಗಿದ್ದವರು, ಹತ್ತಿರದಿಂದ ಕಂಡವರು ಕೊಟ್ಟ ಅಂಕಗಳು!

ನಮ್ಮನ್ನು ನಾವೇ ಕೇಳಿಕೊಂಡರೆ ಏನಾಗುತ್ತದೆಂದು 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತೋರಿಸಿದ್ದರು. ತರಗತಿಯ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಒಂದು ವಾರದ ಮೇಲೆ ಒಬ್ಬೊಬ್ಬರಿಗೂ ‘ನಿನ್ನ ಸ್ವಭಾವ’ ಎಂದು ಒಂದು ಹಾಳೆ ಹಂಚಿದರು. ಎಷ್ಟು ನಿಜವೆಂದು ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26! ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಹಾಳೆ, ಅದರ ಹೆಚ್ಚಿನ ಸಾಲುಗಳು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದವು. ‘ಅರೆ, ಇದು ನಾನೇ’ ಎನ್ನಿಸುವ ಆ ಪುಳಕ ಎಷ್ಟು ಸುಲಭವಾಗಿ ಹುಟ್ಟುತ್ತದೆ!

ಹಾಗಾದರೆ ನನ್ನನ್ನು ಬಲ್ಲವರು ಯಾರು? ಮನಶ್ಶಾಸ್ತ್ರಜ್ಞೆ ಸಿಮಿನ್ ವಾಜೀರ್ 2010ರಲ್ಲಿ ಪ್ರಕಟಿಸಿದ ಉತ್ತರ ಓದಿ ನಾನು ಬೆರಗಾದೆ. ಒಬ್ಬರ ಬಗ್ಗೆ ಅವರನ್ನೂ ಕೇಳಿ, ಗೆಳೆಯರನ್ನೂ ಕೇಳಿ, ಪ್ರಯೋಗಾಲಯದಲ್ಲಿ ಅವರು ನಡೆದುಕೊಂಡ ರೀತಿಯೊಂದಿಗೆ ತಾಳೆ ನೋಡಿದರು. ಒಳಗಿನ ಆತಂಕ ತನಗೇ ಹೆಚ್ಚು ಗೊತ್ತು. ಮಾತಿನ ಮಲ್ಲನೋ ಅಲ್ಲವೋ ಎಂಬುದು ಇಬ್ಬರಿಗೂ ಗೊತ್ತು. ಆದರೆ ಬುದ್ಧಿ, ಸೃಜನಶೀಲತೆ? ಅಲ್ಲಿ ಗೆಳೆಯರೇ ಹೆಚ್ಚು ಸರಿ! ಅಂದರೆ ನನ್ನ ಬಗೆಗಿನ ತಿಳಿವಿನ ಒಂದು ಪಾಲು ನನ್ನೊಳಗೆ ಇಲ್ಲವೇ ಇಲ್ಲ. ಪಕ್ಕದ ಮೇಜಿನವರಲ್ಲಿದೆ, ತಂಗಿಯಲ್ಲಿದೆ, ಹಳೆಯ ಸಹಪಾಠಿಯಲ್ಲಿದೆ. ಎಷ್ಟೇ ಕಣ್ಣು ಮುಚ್ಚಿ ಕೂತರೂ ಅದು ನನಗೆ ಸಿಗದು, ಅವರನ್ನೇ ಕೇಳಬೇಕು!

ಇನ್ನು ‘ಬಿಗ್ ಫೈವ್’ನ ಆ ಐದು ಗುಣಗಳೂ ಎಲ್ಲೆಡೆ ಸಿಗುತ್ತವೆಯೇ ಎಂದರೆ, ಅದೂ ಇಲ್ಲ. ಬೊಲಿವಿಯಾದ ತ್ಸಿಮಾನೆ ಜನರಲ್ಲಿ ಹುಡುಕಿದಾಗ ಐದರ ಲೆಕ್ಕ ಕೂಡಿಬರಲಿಲ್ಲ. ಹಿಂದಿಯ ಸ್ವಭಾವವಾಚಕಗಳನ್ನು ಹೀಗೆಯೇ ಜಾಲಾಡಿದ ಸಂಶೋಧಕರಿಗಂತೂ ಕಂಡ ಮೂರು ಗುಂಪುಗಳಿಗೆ ರಾಜಸಿಕ, ಸಾತ್ವಿಕ, ತಾಮಸಿಕ ಎಂಬ ಹೆಸರುಗಳೇ ಒಪ್ಪಿದವು! ಸಾಂಖ್ಯ ದರ್ಶನದ ತ್ರಿಗುಣ ಅಂಕಿಅಂಶದ ಕೋಷ್ಟಕದೊಳಗಿಂದ ಎದ್ದುಬಂದ ಹಾಗೆ.

ಅಂದಿನಿಂದ ನನಗೆ ಕನ್ನಡದ್ದೇ ಧ್ಯಾನ. ಹುಂಬ, ಪುಕ್ಕಲ, ಮುಂಗೋಪಿ, ಗುಮ್ಮನಗುಸುಕ, ಹಟಮಾರಿ, ಉಡಾಳ, ಬಾಯಿಬಡುಕ, ಅಳುಬುರುಕ, ಎಡಬಿಡಂಗಿ... ಒಂದೊಂದರ ಹಿಂದೆಯೂ ಯಾರನ್ನೋ ದಿಟ್ಟಿಸಿ ನೋಡಿದ ಎಷ್ಟೊಂದು ಕಣ್ಣುಗಳು! 1894ರ ಕಿಟೆಲ್ ನಿಘಂಟಿದೆ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿವೆ. ಅವುಗಳಿಂದ ಸ್ವಭಾವದ ಪದಗಳನ್ನೆಲ್ಲ ಹೆಕ್ಕಿ, ಕನ್ನಡಿಗರ ಕೈಯಲ್ಲಿ ಒಬ್ಬರಿಗೊಬ್ಬರು ಅಂಕ ಕೊಡಿಸಿದರೆ ಮೂರು ಗುಂಪು ಏಳುತ್ತವೆಯೋ, ಐದೋ, ಯಾರೂ ಕಾಣದ ಆರನೆಯದೊಂದು ಕೂಡಾ ಏಳುತ್ತದೆಯೋ?